ಚುಕ್ಕಿ ಕಾಣಲಿಲ್ಲ, ತೊಗರಿ ಸುಟ್ಟಿತು

ಹೋದ ವರ್ಷ ತೊಗರಿ ಹೂವಿಗೆ ಬಂದಾಗ ನಮ್ಮ ಹೊಲಕ್ಕೆ ಕಾಯಿಕೊರಕ ಬಿತ್ತು. ಬೆಳಿಗ್ಗೆ ಗಿಡದ ಕೆಳಗೆ ಗೋಣಿತಾಟು ಹಾಸಿ ಅಲ್ಲಾಡಿಸಿದರೆ ಹುಳು ಪಟಪಟನೆ ಬೀಳುತ್ತಿದ್ದವು. ಫೋಟೋ ತೆಗೆದು, ಬೇಸಾಯದ ಸಲಹೆ ಕೊಡುವ ಒಂದು ಕಡೆಗೆ ಮೇಲ್ ಮಾಡಿ ಕೇಳಿದೆ. ಎರಡೇ ದಿನಕ್ಕೆ ಉತ್ತರ ಬಂತು. ಅಷ್ಟು ಬೇಗ ಬರೆದರಲ್ಲ ಅಂತ ಖುಷಿಯೇ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಉತ್ತರದಲ್ಲಿ ಒಂದು ಪಟ್ಟಿ ಇತ್ತು. ಹುಳದ ಹೆಸರು, ಔಷಧಿಯ ಹೆಸರು, ಲೀಟರಿಗೆ ಎಷ್ಟು, ಎಕರೆಗೆ ಎಷ್ಟು ನೀರು, ಹೀಗೆ ನಾಲ್ಕು ಕಾಲಂ. ಕಂಪ್ಯೂಟರಿನ ಮುಂದೆ ಕೂತು ಮಾಡಿದ ಅಗಲದ ಪಟ್ಟಿ ಅದು. ನನ್ನ ಮೊಬೈಲಿನ ನಾಲ್ಕು ಬೆರಳಗಲದ ಗಾಜಿನೊಳಗೆ ಮುದುಡಿಕೊಂಡು ಕೂತಿತ್ತು. ಅಕ್ಷರ ಸಾಸಿವೆಕಾಳಿಗಿಂತ ಸಣ್ಣ. ಹೊಲದಲ್ಲೇ ನಿಂತು, ಬಿಸಿಲಿಗೆ ಕೈ ಮರೆ ಮಾಡಿಕೊಂಡು ಓದಿದೆ. 'ಲೀಟರಿಗೆ 05 ಗ್ರಾಂ' ಅಂತ ಕಂಡಿತು. ಕಚೇರಿಯ ಕಾಗದಗಳಲ್ಲಿ 5 ಎಂಬುದನ್ನು 05 ಅಂತಲೇ ಬರೆಯುತ್ತಾರಲ್ಲ, ಇದೂ ಹಾಗೇ ಅಂದುಕೊಂಡೆ.

ನಮ್ಮ ಕ್ಯಾನು 16 ಲೀಟರಿನದು. ಹದಿನಾರೈದ್ಲ ಎಂಬತ್ತು. 100 ಗ್ರಾಂ ಪ್ಯಾಕೆಟ್ಟಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಂದೇ ಕ್ಯಾನಿಗೆ ಸುರಿದೆ. ಅದನ್ನು ಹೊಡೆದು ಬಂದು ಎರಡನೇ ಕ್ಯಾನಿಗೆ ಕೈ ಹಾಕಿದಾಗ, ನೀರು ಹೊತ್ತು ತಂದ ನಮ್ಮ ಮನೆಯವಳು ಕೇಳಿದಳು: 'ಏನ್ರೀ, ಒಂದು ಪ್ಯಾಕೆಟ್ಟು ಎಕರೆಗೆ ಸಾಕು ಅಂತ ಅಂಗಡಿಯೋರು ಅಂದಿದ್ರು ಅಂತ ನೀವೇ ಹೇಳಿದ್ರಿ. ಒಂದು ಕ್ಯಾನಿಗೇ ಮುಗಿಸಿಬಿಟ್ರಲ್ಲ?'

ಆಗ ಎದೆ ಧಸಕ್ಕೆಂದಿತು. ಕ್ಯಾನು ಅಲ್ಲೇ ಇಟ್ಟು ಮನೆಗೆ ಬಂದೆ. ನನ್ನ ತಮ್ಮನ ಮಗಳು ಪೇಟೆಯಲ್ಲಿ ಕಾಲೇಜು ಓದುತ್ತಾಳೆ, ರಜೆಗೆ ಬಂದಿದ್ದಳು. ಫೋನು ತಗೊಂಡು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. 'ದೊಡ್ಡಪ್ಪಾ, ಇದು ಸೊನ್ನೆ ಐದಲ್ಲ. ಸೊನ್ನೆ ಪಾಯಿಂಟ್ ಐದು. ಮಧ್ಯ ಚುಕ್ಕಿ ಐತೆ ನೋಡು.'

ಅರ್ಧ ಗ್ರಾಂ ಹಾಕಬೇಕಾದ ಕಡೆ ಐದು ಗ್ರಾಂ. ಹತ್ತು ಪಟ್ಟು. ಆ ಒಂದು ಕ್ಯಾನು ಬಿದ್ದ ಮೂರು ಗುಂಟೆ ಜಾಗದಲ್ಲಿ ಮೂರನೇ ದಿನಕ್ಕೆ ಎಲೆಯಂಚು ಸುಟ್ಟ ಹಾಗಾಯಿತು, ಹೂವು ಉದುರಿತು. ನನಗೂ ಆ ರಾತ್ರಿ ಪೂರ್ತಿ ತಲೆ ಸಿಡಿತ. ಔಷಧಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಇದನ್ನೇ ಶಿಫಾರಸು ಅಂದುಕೊಂಡು ಅಂಗಡಿಗೆ ಹೋದಾರು.

ಇದನ್ನು ಹೇಳಿದಾಗ ಊರಲ್ಲಿ ಎರಡು ಥರದ ಮಾತು ಬಂತು. ಒಂದು, 'ಕನ್ನಡಕ ಹಾಕ್ಕಳಣ್ಣ' ಅಂತ. ಇನ್ನೊಂದು, 'ನಿಂಗ್ಯಾಕೆ ಮೇಲು ಗೀಲು, ಹುಡುಗರ ಕೈಲಿ ಓದಿಸು' ಅಂತ. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. ಎರಡನೆಯದನ್ನು ಸುತರಾಂ ಒಪ್ಪುವುದಿಲ್ಲ.

ಕನ್ನಡಕದ ಮಾತು ಸರಿ. ಚಾಳೀಸು ಅನ್ನುವ ಹೆಸರಿನ ಅರ್ಥವೇ ನಲವತ್ತು. ವಯಸ್ಸು ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಹೋಗಿ ಹತ್ತಿರದ್ದು ಮಸುಕಾಗುತ್ತದೆ. ಅದು ಯಾರನ್ನೂ ಬಿಡುವುದಿಲ್ಲ. ನನಗೂ ಚಾಳೀಸು ಉಂಟು, ಹತ್ತು ವರ್ಷದಿಂದ. ಆದರೆ ಅದನ್ನು ಹಾಕಿಕೊಂಡು ಕುಂಟೆ ಹೊಡೆಯಲಾಗುವುದಿಲ್ಲ, ಬೆವರಿಗೆ ಜಾರುತ್ತದೆ, ಧೂಳು ಕೂರುತ್ತದೆ. ಅದು ಇರುವುದು ಮನೆಯ ಗೂಡಿನಲ್ಲಿ. ಫೋನು ಇರುವುದು ಅಂಗಿಯ ಜೇಬಿನಲ್ಲಿ. ಹಾಕಿಕೊಂಡು ನೋಡಿದರೂ ಆ ಪಟ್ಟಿಯ ಚುಕ್ಕಿ ನನಗೆ ಕಾಣಲಿಲ್ಲ, ಆಮೇಲೆ ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಕಣ್ಣು ತೋರಿಸಿಕೊಳ್ಳಬೇಕು ನಿಜ. ಆದರೆ ಅಕ್ಷರವನ್ನು ಇರುವೆಯಷ್ಟು ಮಾಡಿಟ್ಟು ಕಣ್ಣನ್ನೇ ಬೈದರೆ ಏನು ನ್ಯಾಯ?

ಹುಡುಗರ ಕೈಲಿ ಓದಿಸುವ ಮಾತಿಗೆ ಬಂದರೆ, ಅದರದೊಂದು ಕಥೆ ಇದೆ. ನಮ್ಮೂರ ಒಬ್ಬರಿಗೆ ಸಾಲ ಬಾಕಿಯ ಬಗ್ಗೆ ಒಂದು ಮೇಲ್ ಬಂದಿತ್ತು. ಅಕ್ಷರ ಕಾಣಲಿಲ್ಲ ಅಂತ ಪಕ್ಕದ ಮನೆ ಹುಡುಗನ ಕೈಲಿ ಓದಿಸಿದರು. ಹುಡುಗ ಕೆಟ್ಟವನಲ್ಲ, ಗಟ್ಟಿಯಾಗಿ ಓದಿದ ಅಷ್ಟೇ. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಇವರ ಬಾಕಿ ಎಷ್ಟು ಅಂತ ಪೈಸೆ ಸಮೇತ ಗೊತ್ತಾಗಿತ್ತು. ಆ ವರ್ಷ ಅವರ ಮಗಳಿಗೆ ಗಂಡು ನೋಡುತ್ತಿದ್ದರು. ಆಮೇಲೆ ಏನಾಯಿತು ಅಂತ ಬರೆಯುವುದು ಬೇಡ. ಅಂಚೆಯಣ್ಣ ತರುವ ಕಾಗದವಾದರೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಓದುತ್ತಿದ್ದೆವು. ಮೇಲ್ ಕೂಡ ಕಾಗದವೇ. ನಮ್ಮ ಕಾಗದವನ್ನು ನಾವೇ ಓದುವ ಹಾಗಿರಬೇಕು.

'ವಾಟ್ಸಾಪ್ ಇರುವಾಗ ಮೇಲ್ ಯಾಕೆ' ಅನ್ನುವವರೂ ಇದ್ದಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ನಮ್ಮ ಸಂಘದಿಂದ ತೊಗರಿ, ನವಣೆ ಕೊಳ್ಳುವವರು ದರ ಬರೆಯುವುದು ಮೇಲ್‌ನಲ್ಲಿ. ಮಣ್ಣು ಪರೀಕ್ಷೆಯ ವರದಿ, ವಿಮೆಯ ಪತ್ರ, ಬ್ಯಾಂಕಿನ ಲೆಕ್ಕ ಎಲ್ಲ ಅದರಲ್ಲೇ ಬರುತ್ತವೆ, ಎರಡು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಮಾತಿಗಿಂತ ಅಂಕಿ. 2016ರಿಂದ ಇರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯನ್ನೇ ನೋಡಿ. ಆಲಿಕಲ್ಲು ಬಿದ್ದೋ ಹೊಲಕ್ಕೆ ನೀರು ನಿಂತೋ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. 72 ಅನ್ನುವುದು ಓದಲಿಕ್ಕೆ ಬರದೆ ನಾಲ್ಕನೇ ದಿನ ಫೋನು ಮಾಡಿದರೆ ಯಾರು ಕೇಳುತ್ತಾರೆ?

ಕನ್ನಡ ಅಕ್ಷರದ ಕಷ್ಟ ಬೇರೆ

ಇಂಗ್ಲಿಷು ಸಣ್ಣಗಿದ್ದರೂ ಹೇಗೋ ಓದಬಹುದು, ಕನ್ನಡ ಓದಲಾಗುವುದಿಲ್ಲ ಅಂತ ನನಗೆ ಮೊದಲಿಂದ ಅನ್ನಿಸುತ್ತಿತ್ತು. ಇಂಗ್ಲಿಷು ಬರದವನು ಹೀಗೆ ಹೇಳಿದರೆ ನಗುತ್ತಾರೆ ಅಂತ ಸುಮ್ಮನಿದ್ದೆ. ಆದರೆ ಇದರಲ್ಲಿ ನಿಜ ಇದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು. ಒಂದೇ ಸಾಲಿನ ಎತ್ತರದಲ್ಲಿ ಇಷ್ಟೂ ಹಿಡಿಸಬೇಕಾದರೆ ಒತ್ತಕ್ಷರಕ್ಕೆ ಉಳಿಯುವ ಜಾಗ ಎಷ್ಟು? ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕಿ. ಪ ಮತ್ತು ಷ ನಡುವೆ ಒಂದು ಗೀಟು. ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು. ಹಾಗಾಗಿ ಪಟ್ಟಣದ ಹುಡುಗರು ಇಂಗ್ಲಿಷಿನಲ್ಲಿ ಓದಿ 'ಚೆನ್ನಾಗೇ ಕಾಣ್ತದಲ್ಲ' ಅಂದರೆ ಅದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಫೋನಿನಲ್ಲಿ ಒಂದು ಕನ್ನಡ ಮೇಲ್ ತೆಗೆದು ಒತ್ತಕ್ಷರ ಕಾಣುತ್ತದಾ ನೋಡಿ, ಅದೇ ಪರೀಕ್ಷೆ.

ಇನ್ನೊಂದು ತೊಂದರೆ ಉಂಟು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪು ಮಾಡಿದ ಮಾತನ್ನು ಮೇಲ್‌ಗೆ ಹಾಗೇ ಅಂಟಿಸಿದರೆ ನಮಗೆ ಕಾಣುವುದು ಇಂಗ್ಲಿಷು ಅಕ್ಷರಗಳ ಕಲಸುಮೇಲೋಗರ. ಅದನ್ನು ಎಷ್ಟು ದೊಡ್ಡದು ಮಾಡಿದರೂ ಕನ್ನಡ ಆಗುವುದಿಲ್ಲ. ಕಳಿಸಿದವರಿಗೆ 'ಯುನಿಕೋಡಿನಲ್ಲಿ ಕಳಿಸಿ' ಅಂತ ಒಂದು ಸಾಲು ಬರೆಯಬೇಕು. ಅಷ್ಟು ಸಾಕು, ಅವರಿಗೆ ಅರ್ಥವಾಗುತ್ತದೆ.

ನಾನು ಮಾಡಿಕೊಂಡಿದ್ದು

ತಮ್ಮನ ಮಗಳು ರಜೆ ಮುಗಿಸಿ ಹೋಗುವ ಮುಂಚೆ ಒಂದೊಂದೇ ತೋರಿಸಿಕೊಟ್ಟಳು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನನ್ನದು ಆಂಡ್ರಾಯ್ಡ್ ಫೋನು, ಮೇಲ್ ಜಿಮೇಲ್. ಫೋನಿನಲ್ಲಿ ಹೆಸರುಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅವನ್ನು ಹಾಗೇ ಕೊಡುತ್ತೇನೆ. ಕಂಪನಿಯಿಂದ ಕಂಪನಿಗೆ ಮಾತು ಸ್ವಲ್ಪ ಆಚೀಚೆ ಇರುತ್ತದೆ.

ಫೋನಿನ ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇ ಅಂತ ಇದೆ. ಅದರಲ್ಲಿ ಫಾಂಟ್ ಸೈಜ್ ಒಂದು, ಡಿಸ್‌ಪ್ಲೇ ಸೈಜ್ ಇನ್ನೊಂದು. ಮೊದಲನೆಯದು ಅಕ್ಷರವನ್ನು ಮಾತ್ರ ಹಿಗ್ಗಿಸುತ್ತದೆ. ಎರಡನೆಯದು ಅಕ್ಷರ, ಗುಂಡಿ, ಚಿತ್ರ ಎಲ್ಲವನ್ನೂ. ಇದನ್ನು ಒಮ್ಮೆ ಹೆಚ್ಚಿಸಿದರೆ ಮೇಲ್‌ನ ಪಟ್ಟಿಯಲ್ಲಿ ಯಾರು ಬರೆದರು, ಏನು ವಿಷಯ ಅನ್ನುವುದು ದೊಡ್ಡದಾಗಿ ಕಾಣುತ್ತದೆ.

ನನ್ನ ಪಟ್ಟಿ ಮುದುಡಿಕೊಂಡಿದ್ದಕ್ಕೆ ಕಾರಣ ಬೇರೆಯೇ ಇತ್ತು. ಜಿಮೇಲ್ ಆಪ್‌ನಲ್ಲಿ ಎಡಗಡೆ ಮೇಲೆ ಮೂರು ಗೀಟು ಇವೆ. ಅದನ್ನು ಒತ್ತಿ ಕೆಳಗಿನ ತನಕ ಹೋದರೆ ಸೆಟ್ಟಿಂಗ್ಸ್, ಅದರೊಳಗೆ ಜನರಲ್ ಸೆಟ್ಟಿಂಗ್ಸ್, ಅದರಲ್ಲಿ ಆಟೋ ಫಿಟ್ ಮೆಸೇಜಸ್ ಅಂತ ಒಂದು. ಅಗಲದ ಮೇಲ್ ಬಂದರೆ ಅದನ್ನು ಗಾಜಿನ ಅಗಲಕ್ಕೆ ಹಿಂಡಿ ಕೂರಿಸುವ ಕೆಲಸ ಇದರದು. ನೋಡಲಿಕ್ಕೆ ಅಚ್ಚುಕಟ್ಟು, ಓದಲಿಕ್ಕೆ ಆಗುವುದಿಲ್ಲ. ನಾನು ತೆಗೆದುಹಾಕಿದೆ. ಈಗ ಪಟ್ಟಿ ಬಂದರೆ ಬೆರಳಿನಿಂದ ಅಡ್ಡಡ್ಡ ಸರಿಸಿಕೊಂಡು ಓದಬೇಕು. ಕೆಲವರಿಗೆ ಅದು ರೇಜಿಗೆ ಅನ್ನಿಸಬಹುದು. ಅಂಥವರು ಹಾಗೇ ಬಿಟ್ಟು, ಅಂಕಿ ಬಂದಾಗಲಾದರೂ ಎರಡು ಬೆರಳಿನಿಂದ ಹಿಗ್ಗಿಸಿ ನೋಡಲಿ. ಇದಲ್ಲದೆ ಅಕ್ಸೆಸಿಬಿಲಿಟಿ ಅನ್ನುವ ಕಡೆ ಮ್ಯಾಗ್ನಿಫಿಕೇಶನ್ ಅಂತ ಇದೆ, ಭೂತಗನ್ನಡಿ ಇದ್ದ ಹಾಗೆ. ಔಷಧಿ ಅಳತೆ, ಖಾತೆ ನಂಬರು, ತಾರೀಕು ಬಂದಾಗ ಅದನ್ನು ಬಳಸುತ್ತೇನೆ.

ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಇನ್ನೂ ಸುಲಭ. ಕಂಟ್ರೋಲ್ ಗುಂಡಿ ಒತ್ತಿ ಹಿಡಿದು ಪ್ಲಸ್ ಒತ್ತಿದರೆ ಒಂದೊಂದು ಸಲಕ್ಕೂ ಪುಟ ಹಿಗ್ಗುತ್ತದೆ. ಮೈನಸ್ ಒತ್ತಿದರೆ ಕುಗ್ಗುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಮೊದಲಿದ್ದ ಹಾಗೆ. ಏನೂ ಹಾಳಾಗುವುದಿಲ್ಲ, ಹೆದರಬೇಡಿ. ಕ್ರೋಮ್‌ನಲ್ಲಿ ಒಮ್ಮೆ ಹಿಗ್ಗಿಸಿಟ್ಟರೆ ಮಾರನೇ ದಿನ ತೆಗೆದಾಗಲೂ ಜಿಮೇಲ್ ಅಷ್ಟೇ ದೊಡ್ಡದಾಗಿರುತ್ತದೆ.

ಬಲಗಡೆ ಮೇಲೆ ಹಲ್ಲಿನ ಚಕ್ರದ ಗುರುತು ಇದೆ. ಒತ್ತಿದರೆ ಡೆನ್ಸಿಟಿ ಅಂತ ಬರುತ್ತದೆ. ಡಿಫಾಲ್ಟ್, ಕಂಫರ್ಟಬಲ್, ಕಾಂಪ್ಯಾಕ್ಟ್ ಅಂತ ಮೂರು. ಇದು ನನಗೆ ಕೂಡಲೇ ತಿಳಿಯಿತು, ಯಾಕೆಂದರೆ ಇದು ಸಾಲಿನ ಅಂತರ. ಕೂರಿಗೆಯ ತಾಳು ಹತ್ತಿರ ಇಟ್ಟರೆ ಕಾಂಪ್ಯಾಕ್ಟ್, ದೂರ ಇಟ್ಟರೆ ಉಳಿದೆರಡು. ಕಾಂಪ್ಯಾಕ್ಟ್‌ನಲ್ಲಿ ಒಂದೇ ಪುಟಕ್ಕೆ ಜಾಸ್ತಿ ಮೇಲ್ ಹಿಡಿಸುತ್ತವೆ ಅಂತ ಆಸೆ ಪಡಬೇಡಿ, ಬೆರಳು ಒಂದು ಸಾಲಿನ ಬದಲು ಇನ್ನೊಂದರ ಮೇಲೆ ಬೀಳುತ್ತದೆ. ಆದರೆ ಇದರಿಂದ ಬದಲಾಗುವುದು ಅಂತರ ಮಾತ್ರ, ಅಕ್ಷರ ದೊಡ್ಡದಾಗುವುದಿಲ್ಲ. ಹಾಗೇ ಸೆಟ್ಟಿಂಗ್ಸ್ ಒಳಗೆ ಡಿಫಾಲ್ಟ್ ಟೆಕ್ಸ್ಟ್ ಸ್ಟೈಲ್ ಅಂತ ಇದೆ. ನಾನು ಅದನ್ನು ದೊಡ್ಡದು ಮಾಡಿ ಒಂದು ವಾರ ಕಾದೆ. ಬಂದ ಮೇಲ್ ಒಂದೂ ದೊಡ್ಡದಾಗಲಿಲ್ಲ. ಅದು ನಾವು ಬರೆಯುವ ಮೇಲ್‌ಗೆ ಮಾತ್ರ ಅಂತ ಆಮೇಲೆ ಗೊತ್ತಾಯಿತು.

ಕಳೆ ಕೀಳದೆ ಪೈರು ಕಾಣದು

ಅಕ್ಷರ ದೊಡ್ಡದು ಮಾಡಿದ ಮೇಲೆ ಇನ್ನೊಂದು ಪೇಚಾಟ ಶುರುವಾಯಿತು. ಎಲ್ಲವೂ ದೊಡ್ಡದಾದವು, ಜಾಹೀರಾತೂ ದೊಡ್ಡದಾಯಿತು. ಜಿಮೇಲ್ 2004ರಲ್ಲಿ ಶುರುವಾದಾಗಿಂದ ನಮಗೆ ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಯಾರೋ ದುಡ್ಡು ಕೊಡುತ್ತಿರಬೇಕಲ್ಲ, ಅದು ಜಾಹೀರಾತಿನವರು. ಪ್ರೊಮೋಶನ್ಸ್, ಸೋಶಿಯಲ್ ಅನ್ನುವ ವಿಭಾಗಗಳಲ್ಲಿ ಅದು ಮೇಲ್‌ನ ವೇಷದಲ್ಲೇ ಮೇಲಿನ ಸಾಲಿನಲ್ಲಿ ಕೂತಿರುತ್ತದೆ. ಭತ್ತದೊಳಗೆ ಹುಲ್ಲುಭತ್ತ ಇದ್ದ ಹಾಗೆ, ಎಳಸಿನಲ್ಲಿ ಗುರುತು ಸಿಗುವುದಿಲ್ಲ.

ಈ ವಿಭಾಗ ಮಾಡಿದ್ದು 2013ರಲ್ಲಂತೆ. ಬೇಡ ಅಂದರೆ ಕಂಪ್ಯೂಟರಿನಲ್ಲಿ ಅದೇ ಹಲ್ಲಿನ ಚಕ್ರ ಒತ್ತಿ, ಸೀ ಆಲ್ ಸೆಟ್ಟಿಂಗ್ಸ್, ಅದರೊಳಗೆ ಇನ್‌ಬಾಕ್ಸ್, ಅಲ್ಲಿ ಕೆಟಗರೀಸ್. ಪ್ರೊಮೋಶನ್ಸ್, ಸೋಶಿಯಲ್ ಮುಂದಿನ ಟಿಕ್ ತೆಗೆದು ಕೆಳಗೆ ಸೇವ್ ಒತ್ತಬೇಕು. ಸೇವ್ ಮರೆತರೆ ಮಾಡಿದ್ದೆಲ್ಲ ಹೋಯಿತು. ಇದರಿಂದ ಎಲ್ಲ ಮೇಲ್ ಒಂದೇ ಕಣಕ್ಕೆ ಬಂದು ಬೀಳುತ್ತವೆ. ಬೀಜದ ಕಂಪನಿ, ಫೋನಿನ ಕಂಪನಿ, ಯಾವಾಗಲೋ ಒಮ್ಮೆ ಚಪ್ಪಲಿ ಕೊಂಡ ಅಂಗಡಿ, ಎಲ್ಲರದೂ. ಅಂಥ ಮೇಲ್ ತೆಗೆದರೆ ಕಳಿಸಿದವರ ಹೆಸರಿನ ಪಕ್ಕ ಅನ್‌ಸಬ್‌ಸ್ಕ್ರೈಬ್ ಅಂತ ಹೆಚ್ಚಾಗಿ ಇರುತ್ತದೆ. ದಿನಕ್ಕೆ ನಾಲ್ಕರಂತೆ ಒತ್ತುತ್ತಾ ಬಂದೆ. ಒಂದು ತಿಂಗಳಿಗೆ ಹೊಲ ಹಸನಾಯಿತು. ಎರಡು ಎಡೆ ಹೊಡೆದಷ್ಟು ಕೆಲಸ, ಅದಕ್ಕಿಂತ ಹೆಚ್ಚಿಲ್ಲ.

ಚಿತ್ರಗಳನ್ನೂ ತಡೆಯಬಹುದು. ಜನರಲ್ ಅನ್ನುವ ಕಡೆ ಇಮೇಜಸ್ ಅಂತ ಇದೆ, ಅದರಲ್ಲಿ ಆಸ್ಕ್ ಬಿಫೋರ್ ಡಿಸ್‌ಪ್ಲೇಯಿಂಗ್ ಅನ್ನುವುದನ್ನು ಆರಿಸಿದರೆ ಹೊರಗಿನ ಚಿತ್ರ ನಮ್ಮನ್ನು ಕೇಳದೆ ಬಿಚ್ಚಿಕೊಳ್ಳುವುದಿಲ್ಲ. ಮಾತಷ್ಟೇ ಉಳಿಯುತ್ತದೆ. ನೆಟ್‌ವರ್ಕು ಕುಂಟುವ ನಮ್ಮಂಥ ಊರಿಗೆ ಇದು ಬಲು ಅನುಕೂಲ. ಎಡಗಡೆಯ ಪಟ್ಟಿಯನ್ನು ಮೂರು ಗೀಟು ಒತ್ತಿ ಮಡಚಿಡಬಹುದು. ಒಂದು ಮೇಲ್ ತೆಗೆದಾಗ ಅದರ ಬಲಗಡೆ ಪ್ರಿಂಟಿನ ಗುರುತಿನ ಪಕ್ಕ ಚೌಕದಿಂದ ಬಾಣ ಹೊರಟ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಮೇಲ್ ಒಂದೇ ಬೇರೆ ಕಿಟಕಿಯಲ್ಲಿ ತೆರೆಯುತ್ತದೆ. ಸುತ್ತ ಬೇರೇನೂ ಇಲ್ಲ. ಆಮೇಲೆ ಕಂಟ್ರೋಲ್ ಪ್ಲಸ್. ದರದ ಪತ್ರ, ಕರಾರಿನ ಪತ್ರ ಬಂದರೆ ಸಂಘದಲ್ಲಿ ನಾವು ಐದಾರು ಜನ ಹೀಗೆ ತೆರೆದಿಟ್ಟುಕೊಂಡು ಬೆಂಚಿನ ಮೇಲೆ ಕೂತೇ ಓದುತ್ತೇವೆ. ಮೊದಲು ಒಬ್ಬ ಓದುತ್ತಿದ್ದ, ಉಳಿದವರು ತಲೆ ಆಡಿಸುತ್ತಿದ್ದೆವು.

ಜಿಮೇಲ್‌ನಲ್ಲಿ ಹಿಂದೆ ಬೇಸಿಕ್ ಎಚ್‌ಟಿಎಂಎಲ್ ಅಂತ ಸಾದಾ ನೋಟ ಇತ್ತು. ಆಡಂಬರ ಇಲ್ಲ, ಬೇಗ ತೆರೆಯುತ್ತಿತ್ತು. 2024ರಲ್ಲಿ ನಿಲ್ಲಿಸಿಬಿಟ್ಟರು. ಹೊಸದು ಮಾಡುವವರು ಹಳೆಯದನ್ನು ಬೇಕಾದವರಿಗೆ ಅಂತ ಒಂದು ಮೂಲೆಯಲ್ಲಿ ಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಗೊತ್ತಿಲ್ಲ.

ಕಳಿಸುವವರಿಗೂ ಒಂದು ಮಾತು

ಇಷ್ಟೆಲ್ಲ ನಾವು ಮಾಡಿಕೊಂಡರೂ ಅರ್ಧ ಕೆಲಸ ಕಳಿಸುವವರ ಕೈಯಲ್ಲಿದೆ. ರೈತರಿಗೆ ಮೇಲ್ ಬರೆಯುವ ವಿಜ್ಞಾನಿಗಳು, ಅಧಿಕಾರಿಗಳು, ಕಂಪನಿಯವರು ಈ ಪತ್ರಿಕೆ ನೋಡುತ್ತಾರೆ ಅಂತ ಕೇಳಿದ್ದೇನೆ. ಅವರಿಗೆ ನನ್ನ ಬಿನ್ನಹ ಇಷ್ಟು. ಅಳತೆಯನ್ನು ಪಟ್ಟಿಯೊಳಗೆ ತುರುಕಬೇಡಿ, ಒಂದು ಸಾಲಿನಲ್ಲಿ ಬಿಡಿಸಿ ಬರೆಯಿರಿ. 0.5 ಅಂತ ಬರೆದರೆ ಪಕ್ಕದಲ್ಲೇ 'ಅರ್ಧ ಗ್ರಾಂ' ಅಂತ ಅಕ್ಷರದಲ್ಲೂ ಬರೆಯಿರಿ. ಬ್ಯಾಂಕಿನ ಚೆಕ್ಕಿನಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವುದಿಲ್ಲವೇ? ದುಡ್ಡಿಗೆ ಇರುವ ಎಚ್ಚರ ವಿಷಕ್ಕೆ ಬೇಡವೇ? ಲೀಟರಿನ ಲೆಕ್ಕದ ಜೊತೆಗೆ '16 ಲೀಟರಿನ ಕ್ಯಾನಿಗೆ 8 ಗ್ರಾಂ' ಅಂತಲೂ ಹಾಕಿ, ಯಾಕೆಂದರೆ ಹೊಲದಲ್ಲಿ ನಾವು ಕಲಸುವುದು ಕ್ಯಾನಿನಲ್ಲಿ. ಒಂದು ಚುಕ್ಕಿ ಬಿಟ್ಟುಹೋದರೂ ಎರಡನೇ ಅಂಕಿ ನಮ್ಮ ಕೈ ಹಿಡಿಯುತ್ತದೆ. ಕಳಿಸುವ ಮುಂಚೆ ಆ ಮೇಲ್ ಅನ್ನು ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಒಮ್ಮೆ ತೆಗೆದು ನೋಡಿದರೆ ಇನ್ನೂ ಒಳ್ಳೆಯದು.

ನಾನು ಆ ಸಲಹೆ ಕೊಟ್ಟವರಿಗೆ ಹೀಗೇ ಬರೆದೆ, ಚುಕ್ಕಿಯ ಕಥೆಯನ್ನೂ ಸೇರಿಸಿ. ಬೇಸರ ಮಾಡಿಕೊಳ್ಳಲಿಲ್ಲ. ಆಮೇಲೆ ಬಂದ ಮೇಲ್‌ನಲ್ಲಿ ಪಟ್ಟಿ ಇರಲಿಲ್ಲ, ಅಳತೆ ದಪ್ಪ ಅಕ್ಷರದಲ್ಲಿ ಒಂದು ಸಾಲಾಗಿ ಇತ್ತು.

ಮೊನ್ನೆ ಭಾನುವಾರ ಅರಳಿಕಟ್ಟೆಯಲ್ಲಿ ಮೂರು ಜನರ ಫೋನು ಸರಿ ಮಾಡಿಕೊಟ್ಟೆ. 'ಕನ್ನಡಕ ಹಾಕ್ಕಳಣ್ಣ' ಅಂದಿದ್ದವನದೂ ಅದರಲ್ಲಿ ಒಂದು. ಅವನು ಆಸೆಗೆ ಬಿದ್ದು ಫಾಂಟ್ ಸೈಜ್, ಡಿಸ್‌ಪ್ಲೇ ಸೈಜ್ ಎರಡನ್ನೂ ಕಟ್ಟಕಡೆಗೆ ಎಳೆಸಿದ. ಒಂದು ಸಾಲಿಗೆ ಎರಡೇ ಪದ ಹಿಡಿಸಿದವು, ಉತ್ತರ ಕಳಿಸುವ ಗುಂಡಿ ಎಲ್ಲೋ ಮರೆಯಾಯಿತು. ಡಿಸ್‌ಪ್ಲೇ ಸೈಜನ್ನು ಒಂದು ಮೆಟ್ಟಿಲು ಹಿಂದಕ್ಕೆ ತಂದೆವು, ಗುಂಡಿ ಸಿಕ್ಕಿತು. ಐಫೋನು ಇರುವವರು ನಮ್ಮೂರಲ್ಲಿ ಯಾರೂ ಇಲ್ಲ. ಅದರಲ್ಲಿ ಮಾಡಿಕೊಂಡವರು ಇದ್ದರೆ ಬರೆದು ತಿಳಿಸಲಿ.